ಬಳೆ ಇಟ್ಟು ಗೀಚಿದ ವೃತ್ತಕ್ಕೆ ಸೆಂಟರ್ ಹುಡುಕೋದು ಹೇಗೆ?

ಹತ್ತನೇ ಕ್ಲಾಸಲ್ಲಿ ರಚನೆಗಳು ಅಂತ ಒಂದು ಪಾಠ ಇತ್ತಲ್ಲ, ಅದರಲ್ಲಿ ಬಳೆ ಇಟ್ಟು ವೃತ್ತ ಎಳೀರಿ, ಹೊರಗಿನ ಒಂದು ಬಿಂದುವಿಂದ ಅದಕ್ಕೆ ಸ್ಪರ್ಶಕ (ವೃತ್ತನ ಒಂದೇ ಒಂದು ಕಡೆ ಮುಟ್ಟೋ ಗೆರೆ) ಎಳೀರಿ ಅಂತ ಒಂದು ಲೆಕ್ಕ ಬರ್ತಿತ್ತು. ಕೈವಾರದಲ್ಲಾದ್ರೆ ಮುಳ್ಳು ಚುಚ್ಚಿದ ಜಾಗನೇ ಕೇಂದ್ರ, ಬಳೆಗೆ ಮುಳ್ಳೆಲ್ಲಿಂದ ಬರ್ಬೇಕು? ನನ್ನ ಕೇಳಿದ್ರೆ ಇದೊಂದು ಲೆಕ್ಕ ಕೈಯಾರೆ ಮಾಡಿದ್ರೆ ಸಾಕು, ವೃತ್ತದ ಪಾಠ ಮುಕ್ಕಾಲು ಮುಗೀತು.

ಬಳೆನ ಅಲ್ಲಾಡದ ಹಾಗೆ ಹಿಡ್ಕೊಂಡು ಒಳಗಡೆಯಿಂದ ಪೆನ್ಸಿಲ್ ಸುತ್ತಿಸಿ (ಗಾಜಿಂದು ಬೇಡ, ಲೋಹದ್ದೇ ವಾಸಿ). ವೃತ್ತದ ಮೇಲೆ ಎಲ್ಲಾದ್ರೂ ಎರಡು ಚುಕ್ಕಿ ಇಟ್ಟು ಸ್ಕೇಲಲ್ಲಿ ಸೇರಿಸಿ, ಇದು ಜ್ಯಾ. ಕೈವಾರನ ಜ್ಯಾದ ಅರ್ಧಕ್ಕಿಂತ ಜಾಸ್ತಿ ಅಗಲಿಸಿ, ಎರಡೂ ತುದಿಯಿಂದ ಮೇಲೊಂದು ಕೆಳಗೊಂದು ಕಂಸ (ವೃತ್ತದ ಚೂರು) ಹಾಕಿ, ಕಂಸ ಕತ್ತರಿಸಿದ ಎರಡು ಜಾಗ ಸೇರೋ ಹಾಗೆ ಉದ್ದಕ್ಕೆ ಗೆರೆ ಎಳೀರಿ. ಈ ಗೆರೆ ಜ್ಯಾನ ಸರಿಯಾಗಿ ಅರ್ಧ ಮಾಡಿ 90 ಡಿಗ್ರಿಲಿ ದಾಟುತ್ತೆ, ಕೇಂದ್ರದ ಮೇಲೆ ಹಾದೇ ಹೋಗುತ್ತೆ, ಯಾಕಂದ್ರೆ ಜ್ಯಾದ ಎರಡು ತುದಿಗೂ ಸಮದೂರ ಇರೋ ಬಿಂದುಗಳೆಲ್ಲಾ ಇದರ ಮೇಲೇ ಇರ್ತವೆ, ಕೇಂದ್ರನೂ ಅಂಥದ್ದೇ ಒಂದು. ಆದ್ರೆ ಗೆರೆ ಮೇಲೆ ಎಲ್ಲಿ? ಅದಕ್ಕೆ ಇನ್ನೊಂದು ಜ್ಯಾ ಹಾಕಿ ಇದನ್ನೇ ಮಾಡಿ. ಮೊದಲನೇದಕ್ಕೆ ಸಮಾಂತರವಾಗಿ ಮಾತ್ರ ಬೇಡ, ಎರಡು ಗೆರೆನೂ ಒಂದರ ಮೇಲೊಂದು ಬಿದ್ದುಬಿಡ್ತವೆ. ಗೆರೆ ಎರಡೂ ಕೂಡಿದ ಜಾಗನೇ ಕೇಂದ್ರ.

ಅಲ್ಲಿಂದ ಅಂಚಿಗೆ ನಾಲ್ಕು ಕಡೆ ಅಳೀರಿ, ತ್ರಿಜ್ಯ ಎಲ್ಲಾ ಕಡೆ ಒಂದೇ ಬರ್ಬೇಕು. ಅದರ ಎರಡರಷ್ಟು ವ್ಯಾಸ, ಅದಕ್ಕಿಂತ ಉದ್ದದ ಜ್ಯಾ ಇಲ್ಲ. ಅಂಗಡೀಲಿ 2-4, 2-6 ಅಂತ ಬಳೆ ಸೈಜು ಕೇಳ್ತಾರಲ್ಲ, ಅದೂ ಒಳಗಿನ ವ್ಯಾಸನೇ: 2-4 ಅಂದ್ರೆ 2 ಇಂಚು, ಮೇಲೆ ಇಂಚಿನ 16 ಭಾಗದಲ್ಲಿ 4, ಸುಮಾರು 5.7 ಸೆಂ.ಮೀ. ಒಳಸುತ್ತಿಗೆ ದಾರ ಹಿಡಿದ್ರೆ 18 ಸೆಂ.ಮೀ. ಹತ್ರ ಬರುತ್ತೆ, ಪರಿಧಿನ ವ್ಯಾಸದಿಂದ ಭಾಗಿಸಿದ್ರೆ ಪೈ. ಆರ್ಯಭಟ 499ರಲ್ಲೇ 20,000 ವ್ಯಾಸಕ್ಕೆ 62,832 ಪರಿಧಿ ಅಂತ ಲೆಕ್ಕ ಕೊಟ್ಟಿದ್ದ, ಅಂದ್ರೆ 3.1416, ಜೊತೆಗೆ ಇದು 'ಆಸನ್ನ', ಹತ್ತಿರದ ಬೆಲೆ ಅಂತಲೂ ಹೇಳಿದ್ದ.

ಇನ್ನು ಸ್ಪರ್ಶಕ. ಹೊರಗಿನ ಬಿಂದುನ ಕೇಂದ್ರಕ್ಕೆ ಸೇರಿಸಿ, ಆ ಗೆರೆ ಮಧ್ಯ ಕೈವಾರ ಚುಚ್ಚಿ ಎರಡು ತುದಿನೂ ಮುಟ್ಟೋ ಹಾಗೆ ಇನ್ನೊಂದು ವೃತ್ತ ಎಳೀರಿ. ಅದು ಬಳೆ ವೃತ್ತನ ಎರಡು ಕಡೆ ಕತ್ತರಿಸುತ್ತೆ, ಅಲ್ಲಿಗೆ ಹೊರಗಿನ ಬಿಂದುವಿಂದ ಗೆರೆ ಎಳೆದ್ರೆ ಅವೇ ಸ್ಪರ್ಶಕಗಳು. ಅರ್ಧವೃತ್ತದಲ್ಲಿರೋ ಕೋನ ಯಾವಾಗ್ಲೂ 90 ಡಿಗ್ರಿ, ಸ್ಪರ್ಶಕ ತ್ರಿಜ್ಯಕ್ಕೆ ಲಂಬವಾಗಿರ್ಬೇಕು, ಎರಡೂ ಇಲ್ಲಿ ಒಟ್ಟಿಗೇ ಕೆಲಸ ಮಾಡ್ತವೆ. ಆಮೇಲೆ ಎರಡು ಸ್ಪರ್ಶಕನೂ ಅಳೀರಿ, ಸಮ ಇರ್ಬೇಕು. ಒಂದು ಮಿ.ಮೀ. ಆಚೀಚೆ ಆದ್ರೆ ಪೆನ್ಸಿಲ್ ಮೊಂಡಾಗಿದೆ ಅಷ್ಟೇ, ಅದಕ್ಕಿಂತ ಜಾಸ್ತಿ ಆದ್ರೆ ಕೇಂದ್ರನೇ ಜರುಗಿದೆ ಅಂತ ಲೆಕ್ಕ, ಜ್ಯಾ ಎರಡನ್ನೂ ಇನ್ನಷ್ಟು ಉದ್ದಕ್ಕೆ ಹಾಕಿ ಮತ್ತೆ ಎಳೀರಿ. ಕಂಸದ ಗುರುತು ಮಾತ್ರ ರಬ್ಬರಲ್ಲಿ ಅಳಿಸ್ಬೇಡಿ, ಪೇಪರ್ ನೋಡೋರು ಮೊದಲು ಹುಡುಕೋದೇ ಅದನ್ನ.