ಅಭ್ಯರ್ಥಿಯ ಚುನಾವಣಾ ವೆಚ್ಚದ ಲೆಕ್ಕ ಬರೆದ ನನ್ನ ಅನುಭವ

2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ವೆಚ್ಚದ ಲೆಕ್ಕ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಲೆಕ್ಕಪತ್ರವೇ ನನ್ನ ವೃತ್ತಿಯಾದ್ದರಿಂದ ನಾಲ್ಕು ವಾರಗಳ ಜಮಾಖರ್ಚು ಬರೆಯುವುದು ದೊಡ್ಡ ಕೆಲಸವೇನಲ್ಲ ಎಂದುಕೊಂಡೇ ಒಪ್ಪಿದ್ದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಕಲಮಿನಲ್ಲಿ ಇರುವುದೂ ಅಷ್ಟೇ: ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶ ಪ್ರಕಟವಾಗುವ ದಿನದವರೆಗೆ, ಆ ಎರಡು ದಿನಗಳೂ ಸೇರಿದಂತೆ, ಅಭ್ಯರ್ಥಿಯಾಗಲಿ ಅವರ ಚುನಾವಣಾ ಏಜೆಂಟರಾಗಲಿ ಮಾಡಿದ ಅಥವಾ ಒಪ್ಪಿಗೆ ಕೊಟ್ಟು ಮಾಡಿಸಿದ ಎಲ್ಲ ವೆಚ್ಚಕ್ಕೂ ಪ್ರತ್ಯೇಕವಾದ, ಸರಿಯಾದ ಲೆಕ್ಕ ಇಡಬೇಕು. ವಿಧಾನಸಭೆಗೆ ಆಗ ಇದ್ದ ಮಿತಿ 40 ಲಕ್ಷ ರೂಪಾಯಿ.

ನಾಮಪತ್ರ ಸಲ್ಲಿಸುವ ಮುನ್ನವೇ ಚುನಾವಣೆಗೆಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಸಿದೆ. ಚುನಾವಣಾಧಿಕಾರಿಗಳ ಕಚೇರಿಯಿಂದ ಬಂದ ವಹಿಯಲ್ಲಿ ಬಿಳಿ ಹಾಳೆಗಳು ದಿನವಹಿಗೆ, ಗುಲಾಬಿ ಹಾಳೆಗಳು ನಗದಿಗೆ, ಹಳದಿ ಹಾಳೆಗಳು ಬ್ಯಾಂಕಿನ ಲೆಕ್ಕಕ್ಕೆ ಮೀಸಲಾಗಿದ್ದವು. ಒಬ್ಬರಿಗೇ 10,000 ರೂಪಾಯಿಗಿಂತ ಹೆಚ್ಚು ಕೊಡುವುದಾದರೆ ಚೆಕ್ ಅಥವಾ ಆನ್‌ಲೈನ್ ಮೂಲಕವೇ ಕೊಡಬೇಕಿತ್ತು. ಇದರ ಜೊತೆಗೆ ನಾನು ನನ್ನದೊಂದು ನಿಯಮ ಹಾಕಿಕೊಂಡೆ. ರಾತ್ರಿ ಎಷ್ಟೇ ಹೊತ್ತಾದರೂ ಆಯಾ ದಿನದ ಚೀಟಿಗಳು ಆಯಾ ದಿನವೇ ವಹಿಗೆ ಏರಬೇಕು. ಪ್ರಚಾರದ ಹುಡುಗರಿಗೆ ಇದು ಕಿರಿಕಿರಿಯಾಗಿತ್ತು. ಆಟೊ ಬಾಡಿಗೆಗೆ, ಧ್ವನಿವರ್ಧಕಕ್ಕೆ, ಡೀಸೆಲ್‌ಗೆ ಕೊಟ್ಟ ಹಣದ ಚೀಟಿ ತಾರದೆ ಮರುದಿನದ ಹಣ ಸಿಗುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದೆ; ಮೂರನೆಯ ದಿನದಿಂದ ಚೀಟಿಗಳು ತಾವಾಗಿಯೇ ಬರತೊಡಗಿದವು.

ಚುನಾವಣಾ ಆಯೋಗ ನೇಮಿಸುವ ವೆಚ್ಚ ವೀಕ್ಷಕರು ಪ್ರಚಾರದ ಅವಧಿಯಲ್ಲಿ ಮೂರು ಬಾರಿ ವಹಿ ನೋಡುತ್ತಾರೆ. ಅವರ ಬಳಿ ಪ್ರತಿ ಅಭ್ಯರ್ಥಿಯ ಹೆಸರಿನಲ್ಲೂ ಇನ್ನೊಂದು ವಹಿ ಇರುತ್ತದೆ. ವಿಡಿಯೊ ತಂಡದವರು ಸಭೆಗಳಲ್ಲಿ ಚಿತ್ರೀಕರಿಸಿದ ಕುರ್ಚಿ, ಶಾಮಿಯಾನ, ವಾಹನ, ಬ್ಯಾನರುಗಳನ್ನೆಲ್ಲ ಎಣಿಸಿ, ಜಿಲ್ಲಾ ಚುನಾವಣಾಧಿಕಾರಿಗಳು ಗೊತ್ತುಪಡಿಸಿದ ದರಪಟ್ಟಿಯ ಪ್ರಕಾರ ಅದರಲ್ಲಿ ಬರೆದಿರುತ್ತಾರೆ. ಮೊದಲ ಪರಿಶೀಲನೆಯಲ್ಲೇ ನಮಗೂ ಅವರಿಗೂ ವ್ಯತ್ಯಾಸ ಬಂತು. ಒಂದು ಸಂಜೆಯ ಸಭೆಗೆ ನನ್ನ ವಹಿಯಲ್ಲಿದ್ದದ್ದು 400 ಕುರ್ಚಿ, ಅವರ ವಹಿಯಲ್ಲಿದ್ದದ್ದು 650. ಉತ್ತರ ಕೊಡಲು 48 ಗಂಟೆಗಳ ನೋಟಿಸು ಬಂತು. ನಮ್ಮ ಪ್ರಚಾರದ ಉಸ್ತುವಾರಿಯವರು ಸಿಟ್ಟಾಗಿ, "ಖಾಲಿ ಕುರ್ಚಿಗೂ ಲೆಕ್ಕ ಕೊಡಬೇಕೇನ್ ಸಾರ್, ಬರೆದು ಕಳಿಸಿ, ನಮ್ಮದಲ್ಲ ಅಂತ" ಎಂದರು. ನಾನು ಶಾಮಿಯಾನದ ಮಾಲೀಕರ ಬಳಿಗೇ ಹೋದೆ. ಅವರು ಗೆರೆ ಹಾಕಿದ ನೋಟ್‌ಬುಕ್ ತಿರುವಿ ತೋರಿಸಿದರು: ಜನ ಹೆಚ್ಚಾಗುವರೆಂದು ಯಾರೋ ಫೋನ್ ಮಾಡಿದ್ದರಿಂದ ಎರಡನೆಯ ಲೋಡಿನಲ್ಲಿ 250 ಕುರ್ಚಿ ಹೋಗಿತ್ತು, ಪೆನ್ಸಿಲ್‌ನಲ್ಲಿ ಬರೆದಿದ್ದರು, ಬಿಲ್ಲು ಮಾತ್ರ ಇನ್ನೂ ಕಳಿಸಿರಲಿಲ್ಲ. ಕುರ್ಚಿಯಲ್ಲಿ ಜನ ಕೂತರೋ ಬಿಟ್ಟರೋ, ಬಾಡಿಗೆ ಬಾಡಿಗೆಯೇ. ಬಿಲ್ಲು ಬರೆಸಿಕೊಂಡು ಬಂದು, ವ್ಯತ್ಯಾಸವನ್ನು ಒಪ್ಪಿ ವಹಿಯಲ್ಲಿ ಸೇರಿಸಿದೆ.

ಇನ್ನೊಂದು ಸಂಗತಿ ಕರಪತ್ರದ್ದು. ಅದೇ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನಂತೆ ಪ್ರತಿ ಕರಪತ್ರದ ಮೇಲೂ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅಭಿಮಾನಿಯೊಬ್ಬರು ಯಾರನ್ನೂ ಕೇಳದೆ ತಮ್ಮ ಖರ್ಚಿನಲ್ಲೇ ಕರಪತ್ರ ಅಚ್ಚು ಹಾಕಿಸಿ, ಎರಡು ಕಟ್ಟುಗಳನ್ನು ಪ್ರೀತಿಯಿಂದ ತಂದಿಟ್ಟರು. ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದೆ ಹಾಗೆ ಖರ್ಚು ಮಾಡುವುದು ಅಪರಾಧವೆಂದೂ, ಅನುಮತಿ ಕೊಟ್ಟರೆ ಅದು ನಮ್ಮ ಲೆಕ್ಕಕ್ಕೆ ಬರುವುದೆಂದೂ ತಿಳಿಸಿದಾಗ ಅವರ ಮುಖ ಸಪ್ಪಗಾಯಿತು. ಹಂಚುವ ಮೊದಲೇ ಅನುಮತಿ ಪತ್ರ ಬರೆಸಿ, ಮುದ್ರಣದ ಬಿಲ್ಲು ತರಿಸಿ, ಅವರ ಹೆಸರು ವಿಳಾಸದೊಂದಿಗೆ ವಸ್ತುರೂಪದ ದೇಣಿಗೆಯೆಂದು ತೋರಿಸಿದೆ. ಯಾರು ಎಷ್ಟು ಕೊಟ್ಟರು, ಅದು ಯಾವುದಕ್ಕೆ ಖರ್ಚಾಯಿತು ಎಂಬುದು ಒಂದೇ ಸಾಲಿನಲ್ಲಿ ಯಾರಿಗಾದರೂ ತಿಳಿಯುವಂತಿತ್ತು. ಪಾರದರ್ಶಕತೆ ಎಂದರೆ ಇದೇ ಎಂದು ನನಗೆ ಅನಿಸಿದ್ದು ಆಗ.

ಆದರೆ ಅದೇ ವಹಿಯ ಹಣ ಬಂದ ಬದಿಯನ್ನು ತುಂಬುವಾಗ ಮನಸ್ಸಿಗೆ ಕಸಿವಿಸಿಯಾಯಿತು. ಪಕ್ಷದಿಂದ ಬಂದ ಮೊತ್ತ ಚೆಕ್ಕಿನಲ್ಲೇ ಬಂದಿತ್ತು, ಕಾನೂನಿನಂತೆ ಎಲ್ಲವೂ ಸರಿ ಇತ್ತು. ವಹಿಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಸಾಲು. ಪಕ್ಷಕ್ಕೆ ಆ ಹಣ ಎಲ್ಲಿಂದ ಬಂತು ಎಂಬುದನ್ನು ನನ್ನ ವಹಿ ಕೇಳುವುದೂ ಇಲ್ಲ, ಕೇಳಿದ್ದರೂ ಆಗ ಉತ್ತರವಿರಲಿಲ್ಲ. 2018ರ ಜನವರಿಯಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಯೋಜನೆಯಲ್ಲಿ, ಅಂದರೆ ಬ್ಯಾಂಕಿನಿಂದ ಬಾಂಡ್ ಕೊಂಡು ಪಕ್ಷಕ್ಕೆ ದೇಣಿಗೆಯಾಗಿ ಕೊಡುವ ಏರ್ಪಾಟಿನಲ್ಲಿ, ಕೊಂಡವರ ಹೆಸರು ಸ್ಟೇಟ್ ಬ್ಯಾಂಕಿನ ದಾಖಲೆಯಲ್ಲಿ ಇರುತ್ತಿತ್ತೇ ಹೊರತು ಮತದಾರರಿಗೆ ತಿಳಿಯುತ್ತಿರಲಿಲ್ಲ. ಕಂಪನಿಗಳ ದೇಣಿಗೆಗೆ ಇದ್ದ, ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ರ ಮಿತಿಯನ್ನೂ 2017ರಲ್ಲಿ ತೆಗೆದುಹಾಕಲಾಗಿತ್ತು. ಬಾಡಿಗೆ ಕುರ್ಚಿಯೊಂದರ ಜಾಡು ಹಿಡಿದು ಶಾಮಿಯಾನದವರ ಪೆನ್ಸಿಲ್ ಬರಹದವರೆಗೆ ಹೋಗಬಹುದಾದ ವ್ಯವಸ್ಥೆಯಲ್ಲಿ ಕೋಟಿ ರೂಪಾಯಿಯ ಬಾಂಡಿನ ಜಾಡು ಬ್ಯಾಂಕಿನ ಬಾಗಿಲಲ್ಲೇ ನಿಂತುಬಿಡುತ್ತಿತ್ತು.

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಯೋಜನೆಯನ್ನು ರದ್ದುಪಡಿಸಿತು. ಮುಂದಿನ ತಿಂಗಳು ಕೊಂಡವರ ಮತ್ತು ನಗದೀಕರಿಸಿಕೊಂಡ ಪಕ್ಷಗಳ ವಿವರಗಳು ಹೊರಬಂದವು. ಆ ಪಟ್ಟಿಗಳನ್ನು ನಾನು ಸಂಜೆಗಳಲ್ಲಿ ಕುಳಿತು ಓದಿದ್ದೇನೆ. ಆದರೂ ಪಕ್ಷದ ಖಾತೆಯೊಳಗೆ ಬೆರೆತ ಹಣದಲ್ಲಿ ಯಾವುದು ಯಾವ ಕ್ಷೇತ್ರಕ್ಕೆ ಬಂತು ಎಂಬುದನ್ನು ಅವು ಹೇಳುವುದಿಲ್ಲ. ಪಕ್ಷದ ಒಟ್ಟು ಚುನಾವಣಾ ವೆಚ್ಚಕ್ಕೆ ಇಂದಿಗೂ ಮಿತಿಯಿಲ್ಲ. 20,000 ರೂಪಾಯಿವರೆಗಿನ ದೇಣಿಗೆಗಳ ವಿವರವನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕಾಗಿಯೂ ಇಲ್ಲ. ಅಭ್ಯರ್ಥಿಗೆ ಇರುವ ದಿನವಹಿಯ ಶಿಸ್ತು ಪಕ್ಷಕ್ಕೂ ಬರುವವರೆಗೆ ನಾವು ಬರೆಯುವ ಲೆಕ್ಕ ಅರ್ಧ ಲೆಕ್ಕವೆಂದೇ ನನ್ನ ದೃಢ ಅಭಿಪ್ರಾಯ.

ಫಲಿತಾಂಶದ 26ನೇ ದಿನ ನಡೆದ ಹೊಂದಾಣಿಕೆ ಸಭೆಯಲ್ಲಿ ನಮ್ಮ ವಹಿಗೂ ವೀಕ್ಷಕರ ವಹಿಗೂ ವ್ಯತ್ಯಾಸ ಉಳಿದಿರಲಿಲ್ಲ. ಪ್ರಮಾಣಪತ್ರದೊಂದಿಗೆ 30 ದಿನಗಳ ಗಡುವಿನೊಳಗೆ ಲೆಕ್ಕ ಸಲ್ಲಿಸಿದೆವು.

1961ರ ಚುನಾವಣಾ ನಿಯಮಗಳಲ್ಲಿ 88ನೆಯದೊಂದಿದೆ: ಒಂದು ರೂಪಾಯಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಯಾವುದೇ ಅಭ್ಯರ್ಥಿಯ ಲೆಕ್ಕವನ್ನು ನೋಡಬಹುದು. ಕೆಲವು ವಾರಗಳ ನಂತರ ನಾನೂ ಅರ್ಜಿ ಕೊಟ್ಟು ಬೇರೊಬ್ಬರ ವಹಿಯನ್ನು ನೋಡಿದೆ. ನನ್ನ ವಹಿಯಲ್ಲಿ ಹೊಡೆದುಹಾಕಿ ತಿದ್ದಿದ ಸಾಲುಗಳು, ಮೂರು ಬಣ್ಣದ ಶಾಯಿ, ಡೀಸೆಲ್ ಚೀಟಿಯ ಎಣ್ಣೆಯ ಕಲೆ ಎಲ್ಲವೂ ಇದ್ದವು. ಆ ವಹಿಯಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಪೆನ್ನು, ಒಂದೇ ಕೈಬರಹ, ಒಂದೂ ತಿದ್ದುಪಡಿ ಇಲ್ಲ. ದೃಢೀಕೃತ ನಕಲಿಗೆ ಅರ್ಜಿ ಬರೆದು, ನಾನು ಕಂಡದ್ದನ್ನು ಪುಟಸಂಖ್ಯೆ ಸಹಿತ ಇನ್ನೊಂದು ಹಾಳೆಯಲ್ಲಿ ಬರೆದು, ಎರಡನ್ನೂ ಕಚೇರಿಯ ಆವಕ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆದು ಬಂದೆ.