ಮಿಂಚುಬಂಧಕಕ್ಕೆ ಮೊದಲು ಅರ್ಥಿಂಗ್ ನೋಡಿ

ನಮ್ಮ ಕರಾವಳಿಯಲ್ಲಿ ಗುಡುಗು-ಸಿಡಿಲಿನ ಕಾಟ ಆಟಿ (ಜುಲೈ-ಆಗಸ್ಟ್) ಮಳೆಗಿಂತ ಪತ್ತನಾಜೆಗೆ (ಮೇ ಕೊನೆಗೆ) ಮೊದಲು ಜಾಸ್ತಿ. ಮತ್ತೆ ನವರಾತ್ರಿ ಕಳೆದು ದೀಪಾವಳಿ ಹೊತ್ತಿಗೆ. ಕಾರ್ಕಳ, ಹೆಬ್ರಿ ಕಡೆಯ ಘಟ್ಟದ ಬುಡದ ಊರುಗಳಲ್ಲಂತೂ ಸಂಜೆಯಾದರೆ ಎಲ್ಲರ ಕಣ್ಣು ಪೂರ್ವದ ಮೋಡದ ಮೇಲೆಯೇ.

ಮಾಡಿನ ಮೇಲೊಂದು ಮಿಂಚುಬಂಧಕ ನಿಲ್ಲಿಸಿದರೆ ಮುಗಿಯಿತು ಎಂದುಕೊಂಡವರು ತುಂಬಾ ಮಂದಿ. ನೇರವಾಗಿ ಬೀಳುವ ಸಿಡಿಲಿನಿಂದ ಅದು ಕಟ್ಟಡವನ್ನು ಕಾಯುತ್ತದೆ, ಅಷ್ಟೇ. ಟಿ.ವಿ., ಫ್ರಿಜ್, ಪಂಪಿನ ಸ್ಟಾರ್ಟರ್ ಸುಡುವುದು ಹೆಚ್ಚಾಗಿ ಎಲ್ಲೋ ದೂರ ಬಿದ್ದ ಸಿಡಿಲು ಲೈನ್ ಹಿಡಿದು ಒಳಗೆ ಬಂದಾಗ. ಹಾಗಾಗಿ ಕೆಲಸ ನೆಲದಿಂದ ಶುರುವಾಗಲಿ.

ಅರ್ಥಿಂಗ್

ನಮ್ಮದು ಮುರಕಲ್ಲಿನ ನೆಲ. ಬೇಸಿಗೆಯಲ್ಲಿ ಒಣಗಿದರೆ ಕರೆಂಟನ್ನು ಸುಲಭಕ್ಕೆ ಎಳೆದುಕೊಳ್ಳುವುದಿಲ್ಲ. ಜೋರು ಸಿಡಿಲು ಬರುವುದೂ ಆಗಲೇ. ಮನೆಯ ಅರ್ಥಿಂಗ್ ಗುಂಡಿಯನ್ನು ಬಚ್ಚಲ ನೀರು ಹೋಗುವ ಬಾಳೆ ಬುಡದ ಹತ್ತಿರ ತೋಡಿಸಿದರೆ ಒಳ್ಳೆಯದು, ಅಲ್ಲಿ ಪಸೆ ಆರುವುದಿಲ್ಲ. ಕನಿಷ್ಠ 2.5 ಮೀಟರ್ ಉದ್ದದ ಜಿ.ಐ. ಪೈಪ್ ಇಳಿಯಬೇಕು. ಪೈಪಿನ ಸುತ್ತ ಉಪ್ಪು-ಇದ್ದಿಲು ತುಂಬುವುದು ಹಳೆಯ ಕ್ರಮ. ಉಪ್ಪಿಗೆ ಪೈಪ್ ಬೇಗ ತುಕ್ಕು ಹಿಡಿಯುವುದರಿಂದ ಬೆಂಟೊನೈಟ್ (ಪಸೆ ಹಿಡಿದಿಡುವ ಜೇಡಿ) ಪುಡಿ ವಾಸಿ.

ಫೇಸಿಗೂ ಅರ್ಥಿಗೂ 100 ವ್ಯಾಟಿನ ಬಲ್ಬ್ ಸಿಕ್ಕಿಸಿ, "ಉರಿಯಿತಲ್ಲ, ಅರ್ಥಿಂಗ್ ಸರಿ ಉಂಟು" ಎಂದು ಹೇಳಿ ಹೋಗುವವರಿದ್ದಾರೆ. ಆ ಬಲ್ಬಿಗೆ ಅರ್ಧ ಆಂಪಿಯರ್ ಕೂಡ ಬೇಡ. ಸಿಡಿಲಿನದು ಸಾವಿರಾರು ಆಂಪಿಯರಿನ ಲೆಕ್ಕ. ಅರ್ಥ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್ನನ್ನೇ ಕರೆಸಿ, ಏಪ್ರಿಲ್‌ನಲ್ಲಿ ಅರ್ಥಿಂಗಿನ ರೆಸಿಸ್ಟೆನ್ಸ್ (ಕರೆಂಟಿಗೆ ನೆಲ ಒಡ್ಡುವ ತಡೆ) ಅಳತೆ ಮಾಡಿಸಿ. ಮಳೆಗಾಲದಲ್ಲಿ ಎಲ್ಲರದ್ದೂ ಚೆನ್ನಾಗಿಯೇ ಬರುತ್ತದೆ! 10 ಓಮ್‌ಗಿಂತ ಜಾಸ್ತಿ ಬಂದರೆ ಇನ್ನೊಂದು ಪೈಪ್ ಇಳಿಸಿ ಎರಡನ್ನೂ ಜೋಡಿಸಬೇಕು.

ಎಸ್‌ಪಿಡಿ

ಲೈನ್ ಹಿಡಿದು ಬರುವ ಹೊಡೆತವನ್ನು ಎಂಸಿಬಿ (ಬೋರ್ಡಿನಲ್ಲಿ ತಾನೇ ಬೀಳುವ ಸ್ವಿಚ್) ತಡೆಯುವುದಿಲ್ಲ. ಅದು ಬೀಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸ್ಟೆಬಿಲೈಸರ್ ಕತೆಯೂ ಅದೇ. ಇದಕ್ಕೆಂದೇ ಇರುವುದು ಹೊಡೆತವನ್ನು ಅರ್ಥಿಂಗಿಗೆ ಹರಿಸುವ ಸರ್ಜ್ ಪ್ರೊಟೆಕ್ಷನ್ ಡಿವೈಸ್, ಅಂದರೆ ಎಸ್‌ಪಿಡಿ. ಮೈನ್ ಬೋರ್ಡಿನಲ್ಲಿ ಟೈಪ್ 2 ಹಾಕಿಸಿ. ಮಾಡಿನ ಮೇಲೆ ಮಿಂಚುಬಂಧಕ ಇದ್ದರೆ ಟೈಪ್ 1 ಕೂಡ ಬೇಕು. ಎಸ್‌ಪಿಡಿಗೆ ಕೊಡುವ ವೈರ್ ಒಟ್ಟು ಅರ್ಧ ಮೀಟರ್ ದಾಟಬಾರದು. ಬೋರ್ಡ್ ಚಂದ ಕಾಣಲಿ ಅಂತ ವೈರನ್ನು ಸುತ್ತಿ ಬಳಸಿ ಒಯ್ದರೆ ಟಿ.ವಿ.ಗೆ ಬೀಳುವ ಹೊಡೆತ ಜಾಸ್ತಿ. ಎಸ್‌ಪಿಡಿಯ ಕಿಟಕಿ ಹಸಿರು ಇದ್ದರೆ ಸರಿ, ಕೆಂಪಾದರೆ ಬದಲಿಸಬೇಕು. ತಿಂಗಳಿಗೊಮ್ಮೆ ನೋಡಿ.

ತಂತಿ, ಪ್ಲಗ್

ತೆಂಗಿನ ಮರದಿಂದ ಜಗಲಿಯ ಕಂಬಕ್ಕೆ ಬಟ್ಟೆ ಒಣಗಿಸಲು ಕಬ್ಬಿಣದ ತಂತಿ ಕಟ್ಟಿದ್ದೀರಾ? ಇವತ್ತೇ ಬಿಚ್ಚಿ, ನೈಲಾನ್ ಹಗ್ಗ ಕಟ್ಟಿ. ಮರಕ್ಕೆ ಬಡಿದ ಸಿಡಿಲಿಗೆ ನಾವೇ ದಾರಿ ಮಾಡಿಕೊಟ್ಟ ಹಾಗಲ್ವಾ?

ಮೋಡ ಕಟ್ಟುವಾಗಲೇ ಪ್ಲಗ್ ಕಿತ್ತಿಡಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಅಷ್ಟು ಸಣ್ಣ ಸಂದನ್ನು ಸಿಡಿಲು ಸಲೀಸಾಗಿ ಹಾರುತ್ತದೆ. ಡಿಶ್‌ನ ಕೇಬಲ್, ವೈಫೈ ಡಬ್ಬಿಯ ಅಡಾಪ್ಟರ್ ಮರೆಯಬೇಡಿ. ತೋಟದ ಪಂಪಿನ ಮೈನ್ ಆಫ್ ಮಾಡಿ ಫ್ಯೂಸ್ ತೆಗೆದಿಡುವುದೂ ಆಗಲೇ. ಗುಡುಗು ಕೇಳಿಸಿದ ಮೇಲೆ ಪಂಪ್‌ಶೆಡ್ಡಿಗೆ ಓಡಬೇಡಿ, ಸ್ಟಾರ್ಟರ್ ಸುಟ್ಟರೆ ಹೊಸದು ಪೇಟೆಯಲ್ಲಿ ಸಿಗುತ್ತದೆ.

ಮಿಂಚುಬಂಧಕ ಯಾರಿಗೆ?

ಗುಡ್ಡದ ತುದಿಯಲ್ಲಿ ಒಂಟಿಯಾಗಿರುವ ಮನೆಗೆ, ತಾರಸಿಯ ಮೇಲೆ ಎತ್ತರಕ್ಕೆ ಶೀಟ್ ಹಾಕಿದ ಮನೆಗೆ ಬೇಕು. ಮಿಂಚುಬಂಧಕದಿಂದ ನೆಲಕ್ಕೆ ಇಳಿಯುವ ಲೋಹದ ಪಟ್ಟಿ ಎರಡು ಕಡೆ ಇರಲಿ, ಚೂಪಾಗಿ ಮಡಚಬಾರದು. ಶೀಟಿನ ಕಬ್ಬಿಣದ ಚೌಕಟ್ಟನ್ನೂ ಅದಕ್ಕೆ ಸೇರಿಸಬೇಕು. ಮಿಂಚುಬಂಧಕದ ಅರ್ಥಿಂಗ್ ಗುಂಡಿ ಹಟ್ಟಿಯಿಂದ, ಜನ ನಡೆಯುವ ದಾರಿಯಿಂದ ದೂರ ಇರಲಿ. ಆದರೆ ಮನೆಯ ಅರ್ಥಿಂಗಿಗೆ ದಪ್ಪ ಪಟ್ಟಿಯಲ್ಲಿ ಜೋಡಿಸಿರಬೇಕು. ಇಲ್ಲದಿದ್ದರೆ ಸಿಡಿಲು ಒಂದರಿಂದ ಇನ್ನೊಂದಕ್ಕೆ ಮನೆಯೊಳಗಿಂದಲೇ ಹಾರೀತು.

ಮಳೆ ನಿಂತ ಮೇಲೆ

ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಹೊರಗೆ ಇಳಿಯಬೇಡಿ. ಕರೆಂಟು ಬಂದ ಕೂಡಲೇ ಪ್ಲಗ್‌ಗಳನ್ನೂ ಸಿಕ್ಕಿಸಬೇಡಿ. ಮರ ಬಿದ್ದು ಲೈನಿನ ನ್ಯೂಟ್ರಲ್ ತಂತಿ ತುಂಡಾಗಿದ್ದರೆ 230 ವೋಲ್ಟ್ ಬರುವಲ್ಲಿ 400ರ ಹತ್ತಿರ ಬಂದೀತು. ಸಿಡಿಲಿಗೆ ಹೋಯಿತು ಎಂದು ಹೇಳುವ ಎಷ್ಟೋ ಟಿ.ವಿ.ಗಳು ಸುಟ್ಟದ್ದು ಹೀಗೆ. ಇದಕ್ಕೆ ಎಸ್‌ಪಿಡಿ ಸಾಲದು, ವೋಲ್ಟೇಜ್ ಏರಿದರೆ ತಾನೇ ಕಡಿತಗೊಳಿಸುವ ರಿಲೇ ಬೇರೆಯೇ ಬೇಕು. ಅದಿಲ್ಲದಿದ್ದರೆ ಮೊದಲು ಒಂದು ಫ್ಯಾನ್ ಹಾಕಿ ನೋಡಿ. ಎಂದಿಗಿಂತ ಜೋರಾಗಿ ತಿರುಗಿದರೆ ಮೈನ್ ಆಫ್ ಮಾಡಿ, ಮೆಸ್ಕಾಂನ 1912ಕ್ಕೆ ಫೋನ್ ಮಾಡಿ.