ಪ್ಲಗ್ ಬಿಸಿಯಾದರೆ ಸುಮ್ನೆ ಬಿಡಬೇಡಿ

ಇಂಡಕ್ಷನ್ ಒಲೆಯ ಮೇಲೆ ಅಡುಗೆ ಮುಗಿದು, ಅದರ ಫ್ಯಾನ್ ನಿಂತ ಮೇಲೆ ನಾನು ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಕೈ ಚೆನ್ನಾಗಿ ಒರೆಸಿಕೊಂಡು, ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನು ಮುಟ್ಟಿ ನೋಡುತ್ತೇನೆ. ತುಸು ಬೆಚ್ಚಗಿದ್ದರೆ ಪರವಾಗಿಲ್ಲ. ಕೈಗೆ ಸುಡುವಂತಿದ್ದರೆ ಅದು ರಿಪೇರಿ ಆಗುವವರೆಗೂ ಆ ಸಾಕೆಟ್ ಬಳಸುವುದಿಲ್ಲ.

ಇದನ್ನು ಕಲಿತಿದ್ದು ನಮ್ಮ ಹಳೇ ಅಡುಗೆಮನೆಯಲ್ಲಿ. ಸಾಕೆಟ್ಟಿನ ಒಂದು ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಸೀದ ದೋಸೆಯ ಬಣ್ಣಕ್ಕೆ ತಿರುಗಿತ್ತು. ಮೊಬೈಲ್ ಚಾರ್ಜ್ ಆಗ್ತಿದೆಯಲ್ಲ, ಸಾಕೆಟ್ ಸರಿಯಾಗೇ ಇದೆ ಅಂದುಕೊಂಡಿದ್ದೆವು. ಎಲೆಕ್ಟ್ರಿಷಿಯನ್ ಬಿಚ್ಚಿದಾಗ ಒಳಗೆ ಸ್ಕ್ರೂ ಸಡಿಲ, ವೈರಿನ ಸಿಪ್ಪೆ ಕರಗಿ ಅಂಟಿಕೊಂಡಿತ್ತು.

ವೋಲ್ಟೇಜ್ ಅಂದರೆ ಕರೆಂಟನ್ನು ತಳ್ಳುವ ಒತ್ತಡ, ನಮ್ಮ ಮನೆಗಳಲ್ಲಿ 230 ವೋಲ್ಟ್. ಎಷ್ಟು ಕರೆಂಟ್ ಹರಿಯುತ್ತಿದೆ ಅನ್ನುವುದಕ್ಕೆ ಆಂಪಿಯರ್ ಲೆಕ್ಕ. ದಾರಿಯಲ್ಲಿರುವ ಅಡ್ಡಿಯೇ ರೆಸಿಸ್ಟೆನ್ಸ್, ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಬಾವಿ ಹಗ್ಗ ಅಂಗೈಯಲ್ಲಿ ಸರ್ರನೆ ಜಾರಿದರೆ ಕೈ ಉರಿಯುತ್ತದೆ ಅಲ್ವಾ? ಕರೆಂಟಿಗೆ ಅಡ್ಡಿಯಾದ ಕಡೆಯೂ ಹಾಗೇ ಬಿಸಿ ಹುಟ್ಟುತ್ತದೆ. ಕರೆಂಟ್ ಎರಡು ಪಟ್ಟಾದರೆ ಆ ಬಿಸಿ ನಾಲ್ಕು ಪಟ್ಟಾಗುತ್ತದೆ.

ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ, ಹಾಗಾಗಿ 2000 ವ್ಯಾಟಿನ ಒಲೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಸಡಿಲ ಸ್ಕ್ರೂ ಹತ್ತಿರ ಬರೀ ಅರ್ಧ ಓಮ್ ಅಡ್ಡಿಯಿದ್ದರೂ ಅಲ್ಲಿ 38 ವ್ಯಾಟ್ ಬಿಸಿ ಹುಟ್ಟುತ್ತದೆ. ಬೆಸುಗೆ ಹಾಕುವ ಕಡ್ಡಿಯನ್ನು ಸಾಕೆಟ್ ಒಳಗೆ ಉರಿಯಲು ಬಿಟ್ಟ ಹಾಗೆ! ಮೊಬೈಲ್ ಚಾರ್ಜರ್ ಎಳೆಯುವ ಕರೆಂಟ್ ತೀರಾ ಕಡಿಮೆ. ಅದಕ್ಕೇ ಅದೇ ಸಾಕೆಟ್ ಚಾರ್ಜರ್ ಹಾಕಿದಾಗ ತಣ್ಣಗಿರುತ್ತದೆ.

ಎಂಸಿಬಿ, ಅಂದರೆ ಮೇನ್ ಬೋರ್ಡಿನಲ್ಲಿ ತಾನಾಗಿಯೇ ಆಫ್ ಆಗುವ ಸ್ವಿಚ್, ಬೀಳಲಿಲ್ಲ ಅಂತ ಮಾತ್ರ ಧೈರ್ಯವಾಗಿರಬೇಡಿ. ಎಂಸಿಬಿ ಬೀಳುವುದು ಕರೆಂಟ್ ಮಿತಿ ಮೀರಿದಾಗ. ಸ್ಕ್ರೂ ಸಡಿಲವಾದರೆ ಕರೆಂಟ್ ಜಾಸ್ತಿಯಾಗುವುದಿಲ್ಲ, ಹಾಗಾಗಿ ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದದ್ದು ನಿಮ್ಮ ಮೂಗಿಗೆ, ಕಣ್ಣಿಗೆ. ಪ್ಲಾಸ್ಟಿಕ್ ಸುಟ್ಟ ವಾಸನೆ, ಸಾಕೆಟ್ ಒಳಗೆ ಚಟಪಟ ಸದ್ದು, ತೂತಿನ ಸುತ್ತ ಕಂದು ಕಲೆ, ಯಾವುದು ಕಂಡರೂ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ಗೀಸರ್, ಇಂಡಕ್ಷನ್ ಒಲೆಗೆ 16 ಆಂಪಿಯರ್ ಸಾಕೆಟ್ಟೇ ಬೇಕು. ದಪ್ಪ ಪಿನ್ ಹೋಗುವುದಿಲ್ಲ ಅಂತ ಅಡಾಪ್ಟರ್ ಸಿಕ್ಕಿಸಿ 6 ಆಂಪಿಯರ್ ಸಾಕೆಟ್‌ಗೆ ಹಾಕಬೇಡಿ. 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ, 750 ವ್ಯಾಟಿನ ಮಿಕ್ಸಿ ಎರಡನ್ನೂ ಒಟ್ಟಿಗೆ ಹಾಕಿದರೂ ಏಳೂವರೆ ಆಂಪಿಯರ್ ದಾಟುತ್ತದೆ. ಪ್ಲಗ್ ತೆಗೆಯುವಾಗ ವೈರ್ ಹಿಡಿದು ಎಳೆಯಬೇಡಿ, ಒಳಗಿನ ಸ್ಕ್ರೂ ಸಡಿಲವಾಗಲು ಅದೂ ಒಂದು ಕಾರಣ.

ಸಾಕೆಟ್ ಸುಟ್ಟಿದ್ದರೆ ಅದರ ಜೊತೆ ಪ್ಲಗ್ಗನ್ನೂ ಬದಲಾಯಿಸಿ. ನಾವು ಹಣ ಉಳಿಸೋಣ ಅಂತ ಹೊಸ ಸಾಕೆಟ್‌ಗೆ ಅದೇ ಕಪ್ಪಾದ ಪಿನ್ ಚುಚ್ಚಿದೆವು. ಕೆಲವೇ ವಾರಗಳಲ್ಲಿ ಅದರ ತೂತಿನ ಸುತ್ತಲೂ ಅದೇ ಕಂದು ಕಲೆ ಮೂಡಿತು.